ಕಂಕಣ ಸೂರ್ಯಗ್ರಹಣ: ನಮ್ಮೂರಿನಲ್ಲಿ ಉಂಗುರ ಏಕೆ ಕಾಣಲಿಲ್ಲ, ಇನ್ನು ಯಾವಾಗ ಮತ್ತು ಹೇಗೆ ನೋಡಬೇಕು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದಲ್ಲಿ ಮಂಗಳೂರಿನಲ್ಲಿರುವ ನನ್ನ ತಂಗಿಗೆ ಪೂರ್ತಿ ಉಂಗುರ ಕಂಡಿತು, ನಮಗೆ ಮಾತ್ರ ಪಾರ್ಶ್ವ ಗ್ರಹಣವಷ್ಟೇ ಕಂಡಿತು. ಇಷ್ಟು ಹತ್ತಿರದ ಊರುಗಳ ನಡುವೆ ಈ ವ್ಯತ್ಯಾಸ ಏಕೆ? ನಮ್ಮ ಊರಿನಲ್ಲಿದ್ದೇ ಕಂಕಣ ನೋಡುವ ಅವಕಾಶ ಮುಂದೆ ಇದೆಯೇ? ಸಗಣಿ ನೀರಿನಲ್ಲಿ ಅಥವಾ ಎಕ್ಸ್‌ರೇ ಹಾಳೆಯ ಮೂಲಕ ನೋಡಬಹುದೆಂದು ಮಕ್ಕಳ ಮನೆಯವರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಮೊದಲು ನಿಮ್ಮ ಎರಡನೆಯ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಭಾರತದ ನೆಲದ ಮೇಲೆ ಹಾದುಹೋಗುವ ಮುಂದಿನ ಕಂಕಣ ಗ್ರಹಣ 2031ರ ಮೇ 21ರ ಬುಧವಾರದಂದು ನಡೆಯಲಿದೆ. ಅದರ ಪಟ್ಟಿ, ಅಂದರೆ ಉಂಗುರ ಕಾಣುವ ಕಿರಿದಾದ ಪ್ರದೇಶ, ಕೇರಳ ಮತ್ತು ತಮಿಳುನಾಡಿನ ದಕ್ಷಿಣ ಭಾಗದ ಮೇಲೆ ಬೀಳುತ್ತದೆಯೇ ಹೊರತು ಕರ್ನಾಟಕವನ್ನು ಮುಟ್ಟುವುದಿಲ್ಲ. ಆದ್ದರಿಂದ ಉಂಗುರವನ್ನು ನೋಡಬೇಕೆಂದರೆ ನೀವು ಪ್ರಯಾಣ ಮಾಡಲೇಬೇಕು. ಊರಿನಲ್ಲೇ ಇದ್ದರೆ ಸೂರ್ಯನ ಬಹುಪಾಲು ಮರೆಯಾಗುವ ದೊಡ್ಡ ಪಾರ್ಶ್ವ ಗ್ರಹಣ ಕಾಣುತ್ತದೆ, ಮತ್ತು ಅದನ್ನು ಮಕ್ಕಳಿಗೆ ತೋರಿಸುವುದು ಖಂಡಿತವಾಗಿಯೂ ಸಾರ್ಥಕವಾದ ಕೆಲಸ.

ಇನ್ನು ಮಂಗಳೂರಿಗೆ ಕಂಡದ್ದು ನಿಮಗೇಕೆ ಕಾಣಲಿಲ್ಲ ಎಂಬುದಕ್ಕೆ ಬರೋಣ. ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿಲೋಮೀಟರ್, ಚಂದ್ರನದು 3,474 ಕಿಲೋಮೀಟರ್. ಅಂದರೆ ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡದು. ದೂರದಲ್ಲಿಯೂ ಸೂರ್ಯ ಹೆಚ್ಚುಕಡಿಮೆ ಅಷ್ಟೇ ಪಟ್ಟು ಆಚೆಗಿರುವುದರಿಂದ ನಮ್ಮ ಕಣ್ಣಿಗೆ ಎರಡೂ ಬಹುತೇಕ ಒಂದೇ ಗಾತ್ರದಲ್ಲಿ ಕಾಣುತ್ತವೆ. ಚಂದ್ರನ ಹಿಂದೆ ಚಾಚಿಕೊಳ್ಳುವ ದಟ್ಟ ನೆರಳು ಶಂಕುವಿನ ಆಕಾರದಲ್ಲಿ ಕಿರಿದಾಗುತ್ತಾ ಹೋಗಿ ಸುಮಾರು 3.75 ಲಕ್ಷ ಕಿಲೋಮೀಟರ್ ದೂರದಲ್ಲಿ ಒಂದು ಮೊನೆಯಲ್ಲಿ ಮುಗಿಯುತ್ತದೆ. ಆದರೆ ಚಂದ್ರ ನಮ್ಮಿಂದ ಒಂದೇ ದೂರದಲ್ಲಿ ಇರುವುದಿಲ್ಲ. ಅದರ ಕಕ್ಷೆ ದೀರ್ಘವೃತ್ತವಾದ್ದರಿಂದ ಅದು ಕೆಲವೊಮ್ಮೆ ಸುಮಾರು 3.57 ಲಕ್ಷ ಕಿಲೋಮೀಟರ್‌ನಷ್ಟು ಹತ್ತಿರ ಬರುತ್ತದೆ, ಕೆಲವೊಮ್ಮೆ 4.06 ಲಕ್ಷ ಕಿಲೋಮೀಟರ್‌ನಷ್ಟು ದೂರ ಸರಿಯುತ್ತದೆ. ನೆರಳಿನ ಮೊನೆ ಭೂಮಿಯನ್ನು ತಲುಪಿದರೆ ಅಲ್ಲಿ ಸೂರ್ಯ ಪೂರ್ತಿ ಮುಚ್ಚಿಹೋಗುವ ಖಗ್ರಾಸ ಗ್ರಹಣ. ತಲುಪುವ ಮೊದಲೇ ಮುಗಿದರೆ, ಆ ಮೊನೆಯ ನೇರಕ್ಕೆ ಕೆಳಗೆ ನಿಂತವರಿಗೆ ಚಂದ್ರ ಸೂರ್ಯನ ಬಿಂಬದ ಒಳಗೇ ಅಡಗಿ, ಸುತ್ತಲೂ ಬೆಳಕಿನ ಬಳೆ ಉಳಿಯುತ್ತದೆ.

ಹೀಗೆ ಬಳೆ ಕಾಣುವ ಪ್ರದೇಶ ನೆಲದ ಮೇಲೆ ಒಂದು ಕಿರಿದಾದ ಪಟ್ಟಿ. 2019ರಲ್ಲಿ ಆ ಪಟ್ಟಿಯ ಅಗಲ ಸುಮಾರು 120 ಕಿಲೋಮೀಟರ್‌ನ ಆಸುಪಾಸಿನಲ್ಲಿತ್ತು. ಅದು ಸೌದಿ ಅರೇಬಿಯಾ, ಕತಾರ್, ಒಮಾನ್‌ಗಳ ಮೇಲಿಂದ ಅರಬ್ಬೀ ಸಮುದ್ರವನ್ನು ದಾಟಿ, ಕಾಸರಗೋಡು ಮತ್ತು ಕಣ್ಣೂರಿನ ಕರಾವಳಿಯಲ್ಲಿ ನೆಲವನ್ನು ಪ್ರವೇಶಿಸಿ, ಆಗ್ನೇಯಕ್ಕೆ ಓರೆಯಾಗಿ ದಕ್ಷಿಣ ಕೊಡಗು, ನೀಲಗಿರಿ, ಕೊಯಮತ್ತೂರು, ದಿಂಡಿಗಲ್ಲುಗಳ ಕಡೆಗೆ ಸಾಗಿತು. ಪಟ್ಟಿಯ ನಡುಗೆರೆ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನ ಬಳಿ ಹಾದಿತ್ತು. ಅಲ್ಲಿ ಕಂಕಣ ಸ್ಥಿತಿ ಮೂರು ನಿಮಿಷಕ್ಕೂ ಸ್ವಲ್ಪ ಹೆಚ್ಚು ಕಾಲ ನಿಂತಿತು. ಮಂಗಳೂರು ಪಟ್ಟಿಯ ಉತ್ತರದ ಅಂಚಿಗೆ ಹತ್ತಿರವಿದ್ದುದರಿಂದ ನಿಮ್ಮ ತಂಗಿಗೆ ಕಂಡ ಉಂಗುರ ಒಂದು ಬದಿಯಲ್ಲಿ ದಪ್ಪಗೆ, ಇನ್ನೊಂದು ಬದಿಯಲ್ಲಿ ತೆಳ್ಳಗೆ ಇದ್ದಿರಬೇಕು, ಹಾಗೂ ಹೆಚ್ಚು ಹೊತ್ತು ಉಳಿದಿರಲಾರದು. ಹಾಸನ ಆ ಅಂಚಿನಿಂದ ಆಚೆಗೆ ಉಳಿಯಿತು. ಪಟ್ಟಿಯ ಹೊರಗೆ ಚಂದ್ರನ ಅರೆನೆರಳು ಸಾವಿರಾರು ಕಿಲೋಮೀಟರ್ ಹರಡಿರುತ್ತದೆ. ಆ ಅರೆನೆರಳಿನಲ್ಲಿ ಇರುವವರಿಗೆಲ್ಲ ಪಾರ್ಶ್ವ ಗ್ರಹಣ. ಬೆಂಗಳೂರಿನಲ್ಲಿ ಅಂದು ಸೂರ್ಯನ ವ್ಯಾಸದ ಸುಮಾರು ಶೇಕಡಾ 90ರಷ್ಟು ಮರೆಯಾಗಿತ್ತು, ನಿಮ್ಮಲ್ಲಿ ಅದಕ್ಕಿಂತ ತುಸು ಹೆಚ್ಚು. ಅಷ್ಟು ಮರೆಯಾದರೂ ಉಂಗುರದ ಸುಳಿವೂ ಇರುವುದಿಲ್ಲ. ಇಲ್ಲಿ ‘ಬಹುತೇಕ ಕಂಕಣ’ ಎಂಬ ನಡುವಣ ಸ್ಥಿತಿ ಇಲ್ಲ. ಪಟ್ಟಿಯ ಒಳಗಿದ್ದರೆ ಉಂಟು, ಹೊರಗಿದ್ದರೆ ಇಲ್ಲ. ಗ್ರಹಣದ ದಿನ ಮನೆಯ ಅಂಗಳವೇ ಸಾಕೆಂದು ಕುಳಿತು ಆಮೇಲೆ ನಿರಾಶರಾಗುವವರು ಮೊದಲೇ ತಿಳಿದುಕೊಳ್ಳಬೇಕಾದ ಸಂಗತಿ ಇದು.

ಉಂಗುರ ಎಷ್ಟು ದಪ್ಪ, ಎಷ್ಟು ಹೊತ್ತು ಎಂಬುದು ಎರಡು ದೂರಗಳನ್ನು ಅವಲಂಬಿಸಿದೆ. ಭಾರತದಲ್ಲಿ ಇತ್ತೀಚೆಗೆ ಕಂಡ ಮೂರು ಕಂಕಣಗಳನ್ನು ಅಕ್ಕಪಕ್ಕ ಇಟ್ಟರೆ ತರಗತಿಯಲ್ಲಿ ಇದನ್ನು ಚೆನ್ನಾಗಿ ವಿವರಿಸಬಹುದು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ. ಆಗ ಸೂರ್ಯ ವರ್ಷದಲ್ಲೇ ಅತಿ ದೊಡ್ಡದಾಗಿ ಕಾಣುತ್ತದೆ. 2010ರ ಜನವರಿ 15ರಂದು ಸೂರ್ಯ ಹಾಗೆ ದೊಡ್ಡದಾಗಿದ್ದಾಗಲೇ ಚಂದ್ರ ತನ್ನ ಅತಿ ದೂರದ ಬಿಂದುವಿನ ಸಮೀಪದಲ್ಲಿದ್ದು ಚಿಕ್ಕದಾಗಿ ಕಂಡಿತು. ಆದ್ದರಿಂದ ಆ ಗ್ರಹಣ ಗರಿಷ್ಠ 11 ನಿಮಿಷ 8 ಸೆಕೆಂಡುಗಳ ಕಂಕಣವಾಗಿ ಈ ಸಹಸ್ರಮಾನದಲ್ಲೇ ಅತಿ ದೀರ್ಘವೆಂಬ ದಾಖಲೆ ಪಡೆಯಿತು. ಕನ್ಯಾಕುಮಾರಿ ಮತ್ತು ಧನುಷ್ಕೋಟಿಯಲ್ಲಿ ನಿಂತವರು ದಪ್ಪವಾದ ಬಳೆಯನ್ನು ನಿಧಾನವಾಗಿ ನೋಡಿದರು. 2019ರ ಡಿಸೆಂಬರ್ ಅಂತ್ಯದಲ್ಲಿಯೂ ಸೂರ್ಯ ದೊಡ್ಡದಾಗಿಯೇ ಇತ್ತು, ಆದರೆ ಚಂದ್ರ ಅಷ್ಟು ದೂರದಲ್ಲಿ ಇರಲಿಲ್ಲ. ಉಂಗುರ ಮಧ್ಯಮ ದಪ್ಪದ್ದಾಯಿತು. 2020ರ ಜೂನ್ 21ರ ಹೊತ್ತಿಗೆ ಭೂಮಿ ಸೂರ್ಯನಿಂದ ದೂರ ಸರಿದು ಸೂರ್ಯನ ಬಿಂಬ ಕಿರಿದಾಗಿತ್ತು. ಹೀಗಾಗಿ ರಾಜಸ್ಥಾನದ ಸೂರತ್‌ಗಢ, ಹರಿಯಾಣದ ಕುರುಕ್ಷೇತ್ರ, ಉತ್ತರಾಖಂಡದ ಜೋಶಿಮಠಗಳ ಮೇಲೆ ಹಾದ ಆ ಗ್ರಹಣದಲ್ಲಿ ಬಳೆ ನೂಲಿನಷ್ಟು ತೆಳುವಾಗಿ, ಒಂದು ನಿಮಿಷವೂ ಪೂರ್ತಿ ನಿಲ್ಲದೆ ಒಡೆಯಿತು. ಮೂರೂ ಕಂಕಣಗಳೇ ಆದರೂ ನೋಡುವ ಅನುಭವ ಮೂರೂ ಬೇರೆ.

ಒಂದು ನಿರ್ದಿಷ್ಟ ಊರಿಗೆ ಕಂಕಣ ಗ್ರಹಣ ಬರುವುದು ಸರಾಸರಿ ಇನ್ನೂರಕ್ಕೂ ಹೆಚ್ಚು ವರ್ಷಗಳಿಗೆ ಒಮ್ಮೆ. ಖಗ್ರಾಸ ಇನ್ನೂ ಅಪರೂಪ. ನಮ್ಮ ರಾಜ್ಯದ ಮೇಲೆ ಖಗ್ರಾಸದ ಪಟ್ಟಿ ಹಾದದ್ದು 1980ರ ಫೆಬ್ರವರಿ 16ರಂದು, ಅಂಕೋಲಾದ ಕರಾವಳಿಯಿಂದ ರಾಯಚೂರಿನ ಬಯಲಿನವರೆಗೆ. ವಿಜ್ಞಾನಿಗಳು ದೂರದೂರದಿಂದ ಉಪಕರಣ ಹೊತ್ತು ಆ ಪಟ್ಟಿಯೊಳಗೆ ಬಿಡಾರ ಹೂಡಿದ್ದರು. ಅದೇ ಪಟ್ಟಿಯಲ್ಲಿ ಮನೆಯಿದ್ದ ಅನೇಕರು ಕದ ಹಾಕಿಕೊಂಡು ಒಳಗೆ ಕುಳಿತು, ತಮ್ಮ ಅಂಗಳದ ಮೇಲೆಯೇ ನಡೆದ ಆ ದೃಶ್ಯವನ್ನು ಕಳೆದುಕೊಂಡರು. ಈ ವಿಷಯದಲ್ಲಿ ನನಗೆ ಇಂದಿಗೂ ನೋವಿದೆ; ನಿಮ್ಮಂಥ ಶಿಕ್ಷಕರು ಮುಂಚಿತವಾಗಿ ಕೇಳುತ್ತಿರುವುದು ಅಷ್ಟೇ ಸಂತೋಷದ ಸಂಗತಿ.

2031ರ ಗ್ರಹಣಕ್ಕೆ ಹೊರಡುವುದಾದರೆ ಸ್ಥಳದ ಆಯ್ಕೆಯೇ ಮುಖ್ಯ. ಪಟ್ಟಿಯು ಕೊಚ್ಚಿ, ಆಲಪ್ಪುಳ, ಕೋಟ್ಟಯಂಗಳ ಮೇಲೆ ಪ್ರವೇಶಿಸಿ, ಪಶ್ಚಿಮಘಟ್ಟವನ್ನು ದಾಟಿ ತೇನಿ, ಮಧುರೈ, ಕಾರೈಕುಡಿಗಳ ಮೂಲಕ ಶ್ರೀಲಂಕಾದ ಕಡೆಗೆ ಹೋಗುತ್ತದೆ. ನಡುಗೆರೆಯ ಬಳಿ ಕಂಕಣ ಸುಮಾರು ಐದು ನಿಮಿಷ ನಿಲ್ಲುತ್ತದೆ. ಸಮಯ ಮಧ್ಯಾಹ್ನ ಒಂದು ಗಂಟೆಯ ಆಸುಪಾಸು, ಸೂರ್ಯ ಬಹುತೇಕ ನೆತ್ತಿಯ ಮೇಲೆ. ನೋಡಲು ರೈಲಿನ ಅನುಕೂಲದ ದೃಷ್ಟಿಯಿಂದ ಕೊಚ್ಚಿ ಆಕರ್ಷಕವೆನಿಸಬಹುದು. ಆದರೆ ಕೇರಳಕ್ಕೆ ಮುಂಗಾರು ಪ್ರವೇಶಿಸುವ ವಾಡಿಕೆಯ ದಿನ ಜೂನ್ 1 ಎಂಬುದನ್ನು ಮರೆಯಬಾರದು. ಮೇ ಮೂರನೆಯ ವಾರದಲ್ಲಿ ಅಲ್ಲಿ ಮುಂಗಾರು ಪೂರ್ವದ ಮೋಡಗಳು ದಟ್ಟವಾಗಿರುವ ಸಾಧ್ಯತೆ ಹೆಚ್ಚು. ಘಟ್ಟದ ಪೂರ್ವಕ್ಕೆ, ಮಳೆಯ ಮರೆಯಲ್ಲಿರುವ ಮಧುರೈ ಬಯಲಿನಲ್ಲಿ ಬಿಸಿಲು ತೀಕ್ಷ್ಣವಾದರೂ ಆಕಾಶ ತೆರೆದಿರುವ ಅವಕಾಶ ಉತ್ತಮ. ನಾನು ಆರಿಸುವುದಾದರೆ ಮಧುರೈಯಿಂದ ಕಾರೈಕುಡಿಯ ನಡುವಿನ ಪ್ರದೇಶವನ್ನೇ ಆರಿಸುತ್ತೇನೆ, ಮತ್ತು ಹಿಂದಿನ ದಿನದ ಉಪಗ್ರಹ ಚಿತ್ರ ನೋಡಿ ಐವತ್ತು ಅರವತ್ತು ಕಿಲೋಮೀಟರ್ ಆಚೀಚೆ ಸರಿಯಲು ವಾಹನವನ್ನು ಸಿದ್ಧವಾಗಿ ಇಟ್ಟುಕೊಳ್ಳುತ್ತೇನೆ. ಮೇ ತಿಂಗಳ ರಜೆಯ ಕಾಲವಾದ್ದರಿಂದ ಮಕ್ಕಳನ್ನು ಕರೆದೊಯ್ಯುವುದು ಶಾಲೆಗೆ ಕಷ್ಟವಾಗದು.

ಈಗ ಕಣ್ಣಿನ ವಿಷಯ. ನನ್ನ ಇಡೀ ಉತ್ತರದಲ್ಲಿ ಒಂದೇ ಭಾಗವನ್ನು ಓದುವವರು ಇದ್ದರೆ ಅವರು ಇದನ್ನು ಓದಲಿ. ಖಗ್ರಾಸ ಗ್ರಹಣದಲ್ಲಿ ಸೂರ್ಯ ಸಂಪೂರ್ಣ ಮುಚ್ಚಿದ ಕೆಲವೇ ನಿಮಿಷ ಬರಿಗಣ್ಣಿನಿಂದ ನೋಡಬಹುದು. ಕಂಕಣ ಗ್ರಹಣದಲ್ಲಿ ಅಂಥ ಒಂದು ಕ್ಷಣವೂ ಇಲ್ಲ. 2019ರಲ್ಲಿ ಉಂಗುರ ಪೂರ್ತಿಯಾದಾಗಲೂ ಸೂರ್ಯನ ಬಿಂಬದ ಸುಮಾರು ಶೇಕಡಾ 6ರಷ್ಟು ಭಾಗ ತೆರೆದೇ ಇತ್ತು. 2031ರಲ್ಲಿ ಅದು ಸುಮಾರು ಶೇಕಡಾ 8. ಸೂರ್ಯ ಹುಣ್ಣಿಮೆಯ ಚಂದ್ರನಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಪ್ರಕಾಶಮಾನ. ಆದ್ದರಿಂದ ಶೇಕಡಾ 6 ಎಂದರೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹುಣ್ಣಿಮೆ ಚಂದ್ರರ ಬೆಳಕು. ಉಳಿದಿರುವ ತೆಳು ಭಾಗದ ಪ್ರತಿಯೊಂದು ಚುಕ್ಕೆಯೂ ಮಾಮೂಲಿ ಮಧ್ಯಾಹ್ನದ ಸೂರ್ಯನಷ್ಟೇ ಪ್ರಖರವಾಗಿದ್ದು, ಅದು ಅಕ್ಷಿಪಟಲದ ಮೇಲೆ ತನ್ನದೇ ಆಕಾರದ ಗಾಯವನ್ನು ಮಾಡಬಲ್ಲದು. ಅಕ್ಷಿಪಟಲದಲ್ಲಿ ನೋವಿನ ನರಗಳಿಲ್ಲದ ಕಾರಣ ಹಾನಿಯಾಗುವಾಗ ಏನೂ ತಿಳಿಯುವುದಿಲ್ಲ. ಕೆಲವು ಗಂಟೆಗಳ ನಂತರ ನೋಟದ ನಟ್ಟನಡುವೆ ಮಸುಕು ಅಥವಾ ಕಪ್ಪು ಕಲೆ ಕಾಣಿಸಿಕೊಂಡಾಗಲೇ ಗೊತ್ತಾಗುವುದು. ಮಾಮೂಲಿ ದಿನದಲ್ಲಿ ಸೂರ್ಯನ ಪ್ರಖರತೆಗೆ ರೆಪ್ಪೆ ತಾನಾಗಿಯೇ ಮುಚ್ಚಿ ಕಣ್ಣನ್ನು ಕಾಯುತ್ತದೆ. ಗ್ರಹಣದಂದು ಒಟ್ಟು ಬೆಳಕು ಕಡಿಮೆಯಾಗಿ ಆ ಕಾವಲು ಸಡಿಲವಾಗುತ್ತದೆ, ಕುತೂಹಲವೂ ದೃಷ್ಟಿಯನ್ನು ಅಲ್ಲೇ ನಿಲ್ಲಿಸುತ್ತದೆ. ಗ್ರಹಣದ ಸೂರ್ಯನಲ್ಲಿ ವಿಶೇಷ ವಿಷಕಿರಣಗಳೇನೂ ಇಲ್ಲ. ಅಪಾಯ ಇರುವುದು ನಾವು ನೋಡುವ ರೀತಿಯಲ್ಲಿ.

ಸಗಣಿ ನೀರು ಅಥವಾ ಅರಿಶಿನದ ನೀರಿನಲ್ಲಿ ಬಿಂಬ ನೋಡುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ನೇರವಾಗಿ ನೋಡಬಾರದೆಂಬ ಎಚ್ಚರ ಅದರಲ್ಲಿದೆ, ಅದನ್ನು ಗೌರವಿಸೋಣ. ಆದರೆ ಲೆಕ್ಕ ಹಾಕಿದರೆ ಅದು ಸಾಲದು. ಯಾವುದೇ ನೀರಿನ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಕನಿಷ್ಠ ಎರಡು ಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಸೂರ್ಯ ಕೆಳಗಿದ್ದಷ್ಟೂ ಅದು ಇನ್ನೂ ಹೆಚ್ಚು. ಸರಿಯಾದ ಸೌರ ಕನ್ನಡಕ ಒಳಗೆ ಬಿಡುವುದು ಲಕ್ಷಕ್ಕೆ ಒಂದೆರಡು ಪಾಲು ಮಾತ್ರ. ಅಂದರೆ ಸಗಣಿ ನೀರಿನ ಬಿಂಬ ಸುರಕ್ಷಿತ ಮಟ್ಟಕ್ಕಿಂತ ಸಾವಿರ ಪಟ್ಟಿನಷ್ಟು ಹೆಚ್ಚು ಪ್ರಖರ. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ಹಳೆಯ ಫೋಟೋ ನೆಗೆಟಿವ್, ಸಿ.ಡಿ., ಒಂದರ ಮೇಲೊಂದು ಹಾಕಿದ ತಂಪು ಕನ್ನಡಕಗಳು, ಇವು ಯಾವುವೂ ಬೇಡ. ಇವುಗಳಲ್ಲಿ ಕೆಲವು ಕಣ್ಣಿಗೆ ಕಾಣುವ ಬೆಳಕನ್ನು ತಗ್ಗಿಸಿ, ಕಾಣದ ಅವಕೆಂಪು ಕಿರಣಗಳನ್ನು ಹಾಗೆಯೇ ಬಿಡುತ್ತವೆ. ಹಿತವಾಗಿ ಕಾಣುತ್ತಿದೆ ಎಂಬ ಭ್ರಮೆಯಿಂದ ಹೆಚ್ಚು ಹೊತ್ತು ನೋಡುವಂತಾಗುವುದರಿಂದ ಅವು ಬರಿಗಣ್ಣಿಗಿಂತಲೂ ಮೋಸ.

ನೇರವಾಗಿ ನೋಡಲು ಐ.ಎಸ್.ಒ. 12312-2 ಮಾನದಂಡಕ್ಕೆ ಹೊಂದುವ ಗ್ರಹಣ ಕನ್ನಡಕ ಅಥವಾ 14ನೇ ನಂಬರಿನ ವೆಲ್ಡಿಂಗ್ ಗಾಜು ಬೇಕು. ಕನ್ನಡಕ ಹಾಕಿಕೊಂಡಾಗ ಸೂರ್ಯನ ಹೊರತು ಮನೆ, ಮರ, ಮನುಷ್ಯ ಏನೂ ಕಾಣಬಾರದು. ಕಂಡರೆ ಅದನ್ನು ಬಳಸಬೇಡಿ. 2019ರ ಕನ್ನಡಕಗಳನ್ನು ಜೋಪಾನವಾಗಿ ಇಟ್ಟವರು ಅನೇಕರಿದ್ದಾರೆ. ಅವುಗಳ ಹಾಳೆಯಲ್ಲಿ ಗೀರು, ಮಡಿಕೆ, ಸೂಜಿಮೊನೆಯಷ್ಟು ತೂತು ಇದ್ದರೂ ಎಸೆದುಬಿಡಬೇಕು. ತಲೆ ತಗ್ಗಿಸಿ ಕನ್ನಡಕ ಹಾಕಿಕೊಂಡು, ಆಮೇಲೆ ಸೂರ್ಯನತ್ತ ತಿರುಗಿ, ಕೆಲವು ಸೆಕೆಂಡು ನೋಡಿ, ಮತ್ತೆ ತಲೆ ತಗ್ಗಿಸಿದ ಮೇಲೆಯೇ ತೆಗೆಯಬೇಕೆಂದು ಮಕ್ಕಳಿಗೆ ಹಿಂದಿನ ದಿನವೇ ಅಭ್ಯಾಸ ಮಾಡಿಸಿ. ಈ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್ ಅಥವಾ ದೂರದರ್ಶಕದಲ್ಲಿ ಎಂದೂ ಇಣುಕಬಾರದು. ಮಸೂರ ಒಟ್ಟುಗೂಡಿಸಿದ ಬೆಳಕು ಹಾಳೆಯನ್ನೇ ಸುಟ್ಟು ಒಳಗೆ ನುಗ್ಗುತ್ತದೆ. ಉಪಕರಣಗಳಿಗೆ ಬಿಸಿಲನ್ನು ತಗ್ಗಿಸುವ ಸೌರ ಶೋಧಕವನ್ನು ಮುಂಭಾಗದ ಮಸೂರಕ್ಕೇ ಕಟ್ಟಬೇಕು. ಮೊಬೈಲ್ ಕ್ಯಾಮೆರಾಕ್ಕೂ ಮುಂದೆ ಸೌರ ಹಾಳೆ ಹಿಡಿಯುವುದು ಒಳ್ಳೆಯದು.

ಶಾಲೆಗೆ ಎಲ್ಲಕ್ಕಿಂತ ಉತ್ತಮವಾದದ್ದು ಬಿಂಬವನ್ನು ಬೇರೆಡೆ ಮೂಡಿಸಿ ನೋಡುವ ವಿಧಾನ. ಖರ್ಚಿಲ್ಲ, ಸೂರ್ಯನತ್ತ ಬೆನ್ನು ಹಾಕಿ ನಿಲ್ಲುವುದರಿಂದ ಅಪಾಯವೂ ಇಲ್ಲ. ರಟ್ಟಿನಲ್ಲಿ ಒಂದರಿಂದ ಎರಡು ಮಿಲಿಮೀಟರ್ ತೂತು ಮಾಡಿ ಬಿಸಿಲಿಗೆ ಹಿಡಿದರೆ, ಒಂದು ಮೀಟರ್ ದೂರದ ಬಿಳಿ ಹಾಳೆಯ ಮೇಲೆ ಸುಮಾರು 9 ಮಿಲಿಮೀಟರ್ ವ್ಯಾಸದ ಸೂರ್ಯಬಿಂಬ ಬೀಳುತ್ತದೆ. ದೂರ ಎಷ್ಟು ಹೆಚ್ಚುತ್ತದೆಯೋ ಬಿಂಬವೂ ಅಷ್ಟು ದೊಡ್ಡದಾಗುತ್ತದೆ, ಜೊತೆಗೆ ಮಂಕಾಗುತ್ತದೆ. ತೂತಿನ ಅಗಲ ಬಿಂಬದ ಅಂಚಿಗೆ ಸೇರಿಕೊಳ್ಳುವುದರಿಂದ ಹೀಗೆ ಮೂಡುವ ಉಂಗುರ ನಿಜಕ್ಕಿಂತ ಯಾವಾಗಲೂ ದಪ್ಪವಾಗಿ ಕಾಣುತ್ತದೆ. ತೂತು ತೀರಾ ದೊಡ್ಡದಾದರೆ ನಡುವಿನ ಕಪ್ಪು ತುಂಬಿಹೋಗಿ ಉಂಗುರವೇ ಮಾಯವಾಗುತ್ತದೆ. ಮಕ್ಕಳು ಬೇರೆ ಬೇರೆ ಅಳತೆಯ ತೂತುಗಳನ್ನು ಹೋಲಿಸಿದರೆ ಅದೇ ಒಂದು ಒಳ್ಳೆಯ ಪ್ರಯೋಗ. ಇನ್ನೂ ದೊಡ್ಡ ಬಿಂಬ ಬೇಕಾದರೆ ಒಂದು ಕೈಗನ್ನಡಿಗೆ ಕಾಗದ ಅಂಟಿಸಿ, ನಡುವೆ ಒಂದು ಸೆಂಟಿಮೀಟರ್‌ನಷ್ಟು ಜಾಗ ಮಾತ್ರ ತೆರೆದು, ಅಂಗಳದಿಂದ ಕತ್ತಲ ಕೋಣೆಯ ಗೋಡೆಗೆ ಬೆಳಕನ್ನು ತಿರುಗಿಸಿ. ಹತ್ತು ಮೀಟರ್ ದೂರದಲ್ಲಿ ಅಂಗೈಯಷ್ಟು ಸೂರ್ಯ ಮೂಡುತ್ತದೆ, ತರಗತಿಯೆಲ್ಲ ಒಟ್ಟಿಗೆ ನೋಡಬಹುದು. ಕನ್ನಡಿಯ ಬೆಳಕು ಯಾರ ಕಣ್ಣಿಗೂ ಬೀಳದಂತೆ ಒಬ್ಬ ಹಿರಿಯರು ಅದನ್ನು ಕಾಯುತ್ತಿರಬೇಕು.

ಏನನ್ನೂ ಸಿದ್ಧಪಡಿಸದಿದ್ದರೂ ಹೊಂಗೆ ಅಥವಾ ಮಾವಿನ ಮರದ ಕೆಳಗೆ ನಿಂತರೆ ಸಾಕು. ಎಲೆಗಳ ಸಂದುಗಳೇ ತೂತುಗಳಾಗಿ ಕೆಲಸ ಮಾಡಿ, ಪಟ್ಟಿಯೊಳಗೆ ನೆಲದ ತುಂಬ ಉಂಗುರಗಳು, ಪಟ್ಟಿಯ ಹೊರಗೆ ನೆಲದ ತುಂಬ ಕುಡುಗೋಲಿನ ಆಕಾರಗಳು ಹರಡುತ್ತವೆ. ಅಡುಗೆಮನೆಯ ಜರಡಿ, ಹೆಂಚಿನ ಮಾಡಿನ ಬಿರುಕು, ಎರಡೂ ಕೈಗಳ ಬೆರಳುಗಳನ್ನು ಅಡ್ಡಡ್ಡ ಹೆಣೆದಾಗ ಉಳಿಯುವ ಸಂದು, ಎಲ್ಲವೂ ಇದನ್ನೇ ಮಾಡುತ್ತವೆ. 2031ರಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ಈ ಬಿಂಬಗಳು ನೆಲದ ಮೇಲೆ ಓರೆಯಾಗದೆ ದುಂಡಗೆ ಬೀಳುತ್ತವೆ.

ಪಾರ್ಶ್ವ ಗ್ರಹಣ ನೋಡುವವರು ಸೂರ್ಯನ ಜೊತೆಗೆ ಸುತ್ತಲನ್ನೂ ಗಮನಿಸಬೇಕು. ಅರ್ಧ ಸೂರ್ಯ ಮರೆಯಾದರೂ ಬೆಳಕಿನಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ, ಏಕೆಂದರೆ ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಳ್ಳುತ್ತದೆ. ಮುಕ್ಕಾಲು ಭಾಗ ದಾಟಿದ ಮೇಲೆ ಬಿಸಿಲಿನ ಕಾವು ತಗ್ಗಿ, ಬೆಳಕು ಸಂಜೆಯ ಕೆಂಪಿಲ್ಲದೆಯೇ ಮಂಕಾಗಿ, ನೆರಳುಗಳ ಅಂಚು ಒಂದು ದಿಕ್ಕಿನಲ್ಲಿ ಅಸಾಧಾರಣವಾಗಿ ಚೂಪಾಗುತ್ತದೆ. ನೆರಳಿನಲ್ಲಿ ಒಂದು ಉಷ್ಣಮಾಪಕ ತೂಗುಹಾಕಿ ಐದೈದು ನಿಮಿಷಕ್ಕೆ ಬರೆದಿಟ್ಟರೆ, ಉಷ್ಣತೆ ಕನಿಷ್ಠಕ್ಕೆ ಇಳಿಯುವುದು ಗ್ರಹಣದ ಮಧ್ಯಕ್ಕಿಂತ ಕೆಲವು ನಿಮಿಷ ತಡವಾಗಿ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಪಟ್ಟಿಯೊಳಗೆ ಇರುವವರು ಕನ್ನಡಕದ ಮೂಲಕ ಉಂಗುರ ಕೂಡುವ ಮತ್ತು ಒಡೆಯುವ ಕ್ಷಣವನ್ನು ತಪ್ಪಿಸಿಕೊಳ್ಳಬಾರದು. ಚಂದ್ರನ ಅಂಚಿನ ಬೆಟ್ಟಕಣಿವೆಗಳ ನಡುವೆ ಬೆಳಕು ಮಣಿಗಳಾಗಿ ಒಡೆಯುತ್ತದೆ. ಇಂಗ್ಲೆಂಡಿನ ಖಗೋಳವಿಜ್ಞಾನಿ ಫ್ರಾನ್ಸಿಸ್ ಬೇಲಿ 1836ರ ಮೇ 15ರಂದು ಸ್ಕಾಟ್ಲೆಂಡಿನಲ್ಲಿ ಇದನ್ನು ಕಂಡು ವಿವರಿಸಿದ್ದು ಒಂದು ಕಂಕಣ ಗ್ರಹಣದಲ್ಲಿಯೇ. ಅದರಿಂದ ಇವುಗಳಿಗೆ ಬೇಲಿಯ ಮಣಿಗಳೆಂದು ಹೆಸರು. ನಡುಗೆರೆಯಲ್ಲಿ ಇವು ಕ್ಷಣಮಾತ್ರ. ಪಟ್ಟಿಯ ಅಂಚಿನಲ್ಲಿ ಉಂಗುರ ಅಲ್ಪಾವಧಿಯದಾದರೂ ಮಣಿಗಳು ಹೆಚ್ಚು ಹೊತ್ತು ಉಳಿಯುತ್ತವೆ. ಆದ್ದರಿಂದ ಅಂಚಿನ ಊರಿನವರಿಗೂ ತಮ್ಮದೇ ಆದ ಲಾಭವಿದೆ.

ಪಂಚಾಂಗದಲ್ಲಿ ಕೊಡುವ ಸ್ಪರ್ಶ, ಮಧ್ಯ, ಮೋಕ್ಷ ಕಾಲಗಳು ಸಾಮಾನ್ಯವಾಗಿ ಒಂದು ನಗರಕ್ಕೆ ಗಣಿಸಿದವು. 2019ರಲ್ಲಿ ಮಂಗಳೂರಿನಲ್ಲಿ ಮಧ್ಯಕಾಲ ಸುಮಾರು 9.25ಕ್ಕೆ ಬಂದರೆ ಬೆಂಗಳೂರಿನಲ್ಲಿ ಸುಮಾರು 9.30 ಆಗಿತ್ತು. ನಿಮ್ಮ ಊರಿನ ಅಕ್ಷಾಂಶ ರೇಖಾಂಶಕ್ಕೆ ಸರಿಯಾದ ಕಾಲವನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ ಅಥವಾ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯದಿಂದ ಕೇಳಿ ಪಡೆಯಿರಿ.

ಮನೆಯವರ ಆತಂಕಗಳಿಗೆ ಒರಟಾಗಿ ಉತ್ತರಿಸಬೇಡಿ. ಒನಕೆ ತಟ್ಟೆಯ ನೀರಿನಲ್ಲಿ ನೆಟ್ಟಗೆ ನಿಲ್ಲುವುದು ಗ್ರಹಣದಂದು ಮಾತ್ರವೆಂದು ನಂಬುವವರ ಎದುರಿಗೆ, ಗ್ರಹಣವಿಲ್ಲದ ಒಂದು ದಿನ ಅದೇ ಒನಕೆಯನ್ನು ಮಕ್ಕಳಿಂದಲೇ ನಿಲ್ಲಿಸಿ ತೋರಿಸಿ. ಗರ್ಭಿಣಿಯರಿಗಾಗಲಿ ಅಡುಗೆಗಾಗಲಿ ಗ್ರಹಣದಿಂದ ಯಾವ ಕೆಡುಕೂ ಇಲ್ಲ. ಮೋಕ್ಷದ ನಂತರ ಸ್ನಾನ ಮಾಡುವ ಪದ್ಧತಿಯಿರುವವರು ಅದನ್ನು ನಡೆಸಿಕೊಂಡೇ ಗ್ರಹಣವನ್ನೂ ನೋಡಬಹುದು. ಚಂದ್ರ ಸೂರ್ಯನನ್ನು ಮರೆಮಾಡುತ್ತದೆ, ಭೂಮಿಯ ನೆರಳು ಚಂದ್ರನನ್ನು ಮುಚ್ಚುತ್ತದೆ ಎಂದು ಆರ್ಯಭಟ ಕ್ರಿ.ಶ. 499ರ ತನ್ನ ಕೃತಿಯಲ್ಲಿಯೇ ಹೇಳಿದ್ದನೆಂಬುದನ್ನು ಅಜ್ಜ ಅಜ್ಜಿಯರಿಗೆ ತಿಳಿಸಿದರೆ ಅವರು ಸಂತೋಷದಿಂದಲೇ ಕೇಳುತ್ತಾರೆ.

2031ಕ್ಕೆ ಮೊದಲು ನಿಮಗೆ ಒಂದು ಪೂರ್ವಾಭ್ಯಾಸದ ಅವಕಾಶವಿದೆ. 2027ರ ಆಗಸ್ಟ್ 2ರ ಸೋಮವಾರ ಉತ್ತರ ಆಫ್ರಿಕಾದಲ್ಲಿ ಖಗ್ರಾಸವಾಗುವ ಗ್ರಹಣ ನಮ್ಮಲ್ಲಿ ಮಧ್ಯಾಹ್ನದ ಕೊನೆಯ ಭಾಗದಲ್ಲಿ ಪಾರ್ಶ್ವವಾಗಿ ಕಾಣುತ್ತದೆ. ಶಾಲೆಯ ದಿನವೇ ಆಗಿರುವುದರಿಂದ ಮಕ್ಕಳೆಲ್ಲ ಕೈಯಳತೆಯಲ್ಲಿ ಇರುತ್ತಾರೆ. ಆದರೆ ಹಾಸನದ ಮಲೆನಾಡಿನ ಕಡೆ ಆಗಸ್ಟ್ ಮೊದಲ ವಾರ ಮೋಡ ತೆರೆಯುವುದು ಅಪರೂಪ. ಅರಸೀಕೆರೆಯ ಬಯಲಿನ ಕಡೆಯ ಒಂದು ಶಾಲೆಯ ಜೊತೆ ಈಗಲೇ ಮಾತನಾಡಿಕೊಂಡು, ರಟ್ಟು, ಕನ್ನಡಿ, ಬಿಳಿ ಹಾಳೆಗಳೊಂದಿಗೆ ನಿಮ್ಮ ತರಗತಿಯನ್ನು ಅಂದು ಅಲ್ಲಿಗೆ ಕರೆದೊಯ್ಯುವ ವ್ಯವಸ್ಥೆ ಮಾಡಿಕೊಳ್ಳಿ.